ನೆಪದ ವ್ಯಾಕರಣ: ಲೈಂಗಿಕ ಹಿಂಸೆ ಮತ್ತು ಸಾರ್ವಜನಿಕ ಆಕ್ರೋಶವನ್ನು ಕುರಿತು ಕೋಲಾರ ಸೀಮೆಯ ನೆಲೆಯಿಂದ ಕೆಲವು ಟಿಪ್ಪಣಿಗಳು

1

2021ರ ಡಿಸೆಂಬರ್ 16ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅತಿವೃಷ್ಟಿಯಿಂದಾದ ಬೆಳೆಹಾನಿಯನ್ನು ಕುರಿತ ಚರ್ಚೆ ನಡೆದಿತ್ತು. ಎಲ್ಲ ಸದಸ್ಯರೂ ಮಾತನಾಡಲು ಕಾಲಾವಕಾಶ ಕೇಳುತ್ತಿದ್ದ ಗದ್ದಲದಲ್ಲಿ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿಯವರು ತಮ್ಮ ಅಸಹಾಯಕತೆಯನ್ನು ಲಘುವಾಗಿ ಹೇಳಿಕೊಂಡರು. ಆಗ ಶ್ರೀನಿವಾಸಪುರದ ಅಂದಿನ ಶಾಸಕರೂ ಹಿಂದೆ ಎರಡು ಬಾರಿ ಸಭಾಧ್ಯಕ್ಷರಾಗಿದ್ದವರೂ ಆದ ಕೆ.ಆರ್. ರಮೇಶ್ ಕುಮಾರ್ ಅವರು, ಅತ್ಯಾಚಾರವನ್ನು ತಪ್ಪಿಸಲಾಗದಿದ್ದರೆ ಮಲಗಿ ಸುಖಿಸಬೇಕೆಂಬ ಅರ್ಥದ ಒಂದು ಹಳೆಯ ಹೇಳಿಕೆಯನ್ನು ನೆನಪಿಸಿದರು. ಸದನದಲ್ಲಿ ನಗೆ ಎದ್ದಿತು, ಸಭಾಧ್ಯಕ್ಷರೂ ನಕ್ಕರು. ಆ ದೃಶ್ಯ ಪ್ರಸಾರವಾದ ಮೇಲೆ ನಾಡಿನಲ್ಲಷ್ಟೇ ಅಲ್ಲದೆ ದೇಶದಾದ್ಯಂತ ಆಕ್ರೋಶ ವ್ಯಕ್ತವಾಯಿತು. ಅವರದೇ ಪಕ್ಷದ ಶಾಸಕಿಯರು ಪ್ರತಿಭಟಿಸಿದರು. ಮರುದಿನ ಅವರು ಸದನದಲ್ಲಿ ಕ್ಷಮೆ ಕೇಳಿದರು. ತಮ್ಮ ಮಾತಿನಿಂದ ಮಹಿಳೆಯರ ಭಾವನೆಗೆ ಧಕ್ಕೆಯಾಗಿದ್ದರೆ ಕ್ಷಮೆ ಕೇಳಲು ಅಡ್ಡಿಯಿಲ್ಲ ಎಂಬುದು ಆ ಕ್ಷಮೆಯ ಧಾಟಿಯಾಗಿತ್ತು. ಕ್ಷಮೆ ಕೇಳಿದ ಮೇಲೆ ಇನ್ನು ಬೆಳೆಸುವುದು ಬೇಡವೆಂದು ಸಭಾಧ್ಯಕ್ಷರು ವಿಷಯವನ್ನು ಮುಗಿಸಿದರು.

ಈ ಪ್ರಸಂಗದಲ್ಲಿ ಯಾವ ಆರೋಪಿಯೂ ಇಲ್ಲ, ಯಾವ ಅಪರಾಧವೂ ನಡೆದಿಲ್ಲ. ಆದರೂ ಲೈಂಗಿಕ ಹಿಂಸೆಯ ಆರೋಪ ಹೊತ್ತ ಗಂಡಸರು ನೀಡುವ ನೆಪಗಳನ್ನು ಕುರಿತ ಚರ್ಚೆಯನ್ನು ಇಲ್ಲಿಂದಲೇ ಆರಂಭಿಸುವುದು ಸೂಕ್ತ. ಆರೋಪಿಯು ತನ್ನ ನೆಪವನ್ನು ತಾನೇ ಸೃಷ್ಟಿಸುವುದಿಲ್ಲ. ಅದು ಅವನಿಗಿಂತ ಮೊದಲೇ ಗಾದೆಯಾಗಿ, ಹಾಸ್ಯವಾಗಿ, ಬುದ್ಧಿಮಾತಾಗಿ, ಕೆಲವೊಮ್ಮೆ ಕಾನೂನಿನ ವಾಕ್ಯವಾಗಿ ಸಮಾಜದ ಬಳಕೆಯಲ್ಲಿರುತ್ತದೆ. ನ್ಯಾಯಾಲಯದ ಕಟಕಟೆಯಲ್ಲಿ ನಿಂತವನು ಈ ಸಾರ್ವಜನಿಕ ಕಣಜದಿಂದ ತನಗೆ ಬೇಕಾದುದನ್ನು ಎತ್ತಿಕೊಳ್ಳುತ್ತಾನೆ. ಅವನ ಬಾಯಲ್ಲಿ ಅದನ್ನು ಕೇಳಿದಾಗ ಕೆರಳುವ ಸಮಾಜ, ತನ್ನದೇ ಬಾಯಲ್ಲಿ ಅದು ಬಂದಾಗ ಗಮನಿಸುವುದಿಲ್ಲ. ಸಾರ್ವಜನಿಕ ಆಕ್ರೋಶವು ವ್ಯಕ್ತಿಯ ಮೇಲೆ ತಿರುಗಿ ನೆಪವನ್ನು ಹಾಗೆಯೇ ಬಿಟ್ಟುಬಿಟ್ಟರೆ ಅದು ಎಷ್ಟೇ ತೀವ್ರವಾಗಿದ್ದರೂ ನಿಷ್ಫಲವಾಗುತ್ತದೆ ಎಂಬುದೇ ಪ್ರಸ್ತುತ ಲೇಖನದ ವಾದ.

ಇಲ್ಲಿ ಒಂದು ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಆರೋಪಿಗೆ ತನ್ನನ್ನು ಸಮರ್ಥಿಸಿಕೊಳ್ಳುವ ಹಕ್ಕಿದೆ. ಅದು ಸಂವಿಧಾನ ನೀಡಿದ ರಕ್ಷಣೆ. ‘ಆ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ’ ಎನ್ನುವುದು ಪ್ರತಿವಾದ. ‘ಆ ಹೊತ್ತಿನಲ್ಲಿ ಅವಳು ಅಲ್ಲಿಗೇಕೆ ಬಂದಳು’ ಎನ್ನುವುದು ನೆಪ. ಮೊದಲನೆಯದು ಘಟನೆಯ ಸತ್ಯಾಸತ್ಯತೆಯನ್ನು ಕುರಿತದ್ದು. ಸಾಕ್ಷ್ಯದಿಂದ ಅದನ್ನು ಒಪ್ಪಬಹುದು ಅಥವಾ ತಳ್ಳಿಹಾಕಬಹುದು. ಎರಡನೆಯದು ಕೃತ್ಯವನ್ನು ಅಲ್ಲಗಳೆಯುವುದೇ ಇಲ್ಲ. ಅದರ ಹೊಣೆಯನ್ನು ಮಾತ್ರ ಇನ್ನೊಬ್ಬರ ಮೇಲೆ ವರ್ಗಾಯಿಸುತ್ತದೆ. ಜನರ ಕೋಪ ಮೊದಲನೆಯದರ ಮೇಲೆ ತಿರುಗಿದರೆ ನ್ಯಾಯಕ್ಕೆ ಧಕ್ಕೆಯಾಗುತ್ತದೆ. ಎರಡನೆಯದರ ಮೇಲೆ ತಿರುಗದಿದ್ದರೂ ಆಗುವುದು ಅದೇ.

2

ಕಳೆದ ಒಂದು ದಶಕದಲ್ಲಿ ಕರ್ನಾಟಕದ ಸಾರ್ವಜನಿಕ ಬದುಕಿನಲ್ಲಿ ಕೇಳಿಬಂದ ಮಾತುಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ನೆಪಗಳ ಒಂದು ಕೋಶವೇ ಸಿದ್ಧವಾಗುತ್ತದೆ. 2015ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಪ್ರಕರಣವೊಂದರ ಸಂದರ್ಭದಲ್ಲಿ ಅಂದಿನ ಗೃಹಸಚಿವ ಕೆ.ಜೆ. ಜಾರ್ಜ್ ಅವರು, ಇಬ್ಬರು ಮಾಡಿದ್ದನ್ನು ಸಾಮೂಹಿಕ ಎನ್ನಲಾಗದೆಂಬ ಅರ್ಥದಲ್ಲಿ ಮಾತನಾಡಿದರು. 2017ರ ಹೊಸವರ್ಷದ ರಾತ್ರಿ ಬೆಂಗಳೂರಿನ ಬೀದಿಗಳಲ್ಲಿ ಮಹಿಳೆಯರ ಮೇಲೆ ನಡೆದ ದೌರ್ಜನ್ಯದ ಬಗ್ಗೆ ಅಂದಿನ ಗೃಹಸಚಿವ ಜಿ. ಪರಮೇಶ್ವರ ಅವರು ಪಾಶ್ಚಾತ್ಯ ಉಡುಪಿನ ಅನುಕರಣೆಯನ್ನು ಪ್ರಸ್ತಾಪಿಸಿದರು. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಬಳಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ಅಂದಿನ ಗೃಹಸಚಿವ ಆರಗ ಜ್ಞಾನೇಂದ್ರ ಅವರು ಆ ಹೊತ್ತಿನಲ್ಲಿ ಅಲ್ಲಿಗೆ ಹೋಗಬಾರದಿತ್ತೆಂದು ಹೇಳಿ, ಬಳಿಕ ಮಾತನ್ನು ಹಿಂತೆಗೆದುಕೊಂಡರು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬೀದಿಯೊಂದರಲ್ಲಿ ನಡೆದ ಕಿರುಕುಳದ ಬಗ್ಗೆ, ಮತ್ತೆ ಗೃಹಸಚಿವರಾಗಿದ್ದ ಪರಮೇಶ್ವರ ಅವರು, ಇಷ್ಟು ದೊಡ್ಡ ನಗರದಲ್ಲಿ ಇಂಥವು ಅಲ್ಲೊಂದು ಇಲ್ಲೊಂದು ಆಗುತ್ತವೆ ಎಂದರು. ಆಕ್ಷೇಪ ಬಂದಾಗ ವಿಷಾದ ವ್ಯಕ್ತಪಡಿಸಿದರು. ಇವರು ಬೇರೆ ಬೇರೆ ಪಕ್ಷಗಳಿಗೆ ಸೇರಿದವರು. ಇವರಾರೂ ಅಪರಾಧವನ್ನು ಸಮರ್ಥಿಸಲು ಹೊರಟವರಲ್ಲ. ಇಷ್ಟಾಗಿಯೂ ಸಂಖ್ಯೆ, ಉಡುಪು, ಹೊತ್ತು, ಊರಿನ ಗಾತ್ರ ಹೀಗೆ ನಾಲ್ಕು ಸಿದ್ಧ ನೆಪಗಳು ಗೃಹಖಾತೆಯ ಬಾಯಿಂದಲೇ ಹೊರಟವು. ಪೊಲೀಸರಿಗೆ ದೂರು ಕೊಡಲು ಹೊರಟ ಹೆಣ್ಣಿಗೆ ಠಾಣೆಯ ಮೆಟ್ಟಿಲೇರುವ ಮುನ್ನವೇ ಈ ಮಾತುಗಳು ತಲುಪಿರುತ್ತವೆ.

ನ್ಯಾಯಾಂಗವೂ ಇದಕ್ಕೆ ಹೊರತಾಗಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ನಿರೀಕ್ಷಣಾ ಜಾಮೀನಿನ ಆದೇಶವೊಂದರಲ್ಲಿ, ಕೃತ್ಯದ ನಂತರ ದಣಿದು ನಿದ್ರಿಸಿದೆನೆಂಬ ದೂರುದಾರಳ ಮಾತು ಭಾರತೀಯ ಮಹಿಳೆಗೆ ಒಪ್ಪುವಂಥದ್ದಲ್ಲವೆಂಬ ಅಭಿಪ್ರಾಯವನ್ನು ದಾಖಲಿಸಿತ್ತು. ವ್ಯಾಪಕ ಟೀಕೆಯ ಬಳಿಕ, ಮುಂದಿನ ತಿಂಗಳು ಆ ಸಾಲುಗಳನ್ನು ಆದೇಶದಿಂದ ತೆಗೆದುಹಾಕಲಾಯಿತು. ಹೆಣ್ಣು ಹಿಂಸೆಗೆ ಹೇಗೆ ಪ್ರತಿಕ್ರಿಯಿಸಬೇಕು, ಯಾವಾಗ ಅಳಬೇಕು, ಯಾವಾಗ ನಿದ್ರಿಸಬಾರದು ಎಂಬುದಕ್ಕೂ ಒಂದು ಪೂರ್ವನಿರ್ಧಾರಿತ ಮಾದರಿ ಇದೆ. ಆ ಮಾದರಿಗೆ ಹೊಂದದಿದ್ದರೆ ಅದೇ ಆರೋಪಿಯ ಪರವಾದ ಕಾರಣವಾಗುತ್ತದೆ.

ಈ ಹಿನ್ನೆಲೆಯಲ್ಲಿ ಆರೋಪಿಗಳ ಮಾತುಗಳನ್ನು ಕೇಳಬೇಕು. 2012ರ ದೆಹಲಿ ಪ್ರಕರಣದ ಅಪರಾಧಿಯೊಬ್ಬ ಸೆರೆಮನೆಯಿಂದ ನೀಡಿದ ಸಂದರ್ಶನ 2015ರ ಮಾರ್ಚ್‌ನಲ್ಲಿ ಸಾಕ್ಷ್ಯಚಿತ್ರವೊಂದರ ಮೂಲಕ ಹೊರಬಂದಾಗ ದೇಶವೇ ಬೆಚ್ಚಿತು. ರಾತ್ರಿಯಲ್ಲಿ ಹೊರಗೆ ತಿರುಗುವುದು, ಪ್ರತಿರೋಧಿಸುವುದು ಎಲ್ಲವನ್ನೂ ಅವನು ಆ ಯುವತಿಯ ತಪ್ಪಾಗಿ ಎಣಿಸಿದ್ದ. ಆ ಚಿತ್ರದ ಪ್ರಸಾರವನ್ನು ಭಾರತದಲ್ಲಿ ತಡೆಯಲಾಯಿತು. ಆದರೆ ಹೊತ್ತಲ್ಲದ ಹೊತ್ತಿನ ಬಗ್ಗೆ ಅವನು ಹೇಳಿದ್ದಕ್ಕೂ ಆರು ವರ್ಷಗಳ ನಂತರ ಮೈಸೂರಿನ ಪ್ರಕರಣದಲ್ಲಿ ಕೇಳಿಬಂದ ಮಾತಿಗೂ ಇರುವ ದೂರ ಎಷ್ಟು? ಉದ್ದೇಶ ಬೇರೆ, ಧ್ವನಿ ಬೇರೆ. ವಾಕ್ಯ ಮಾತ್ರ ಒಂದೇ.

ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರ ಪ್ರಕರಣ ಇನ್ನೊಂದು ಬಗೆಯ ನೆಪವನ್ನು ತೋರಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಲೋಕಸಭಾ ಚುನಾವಣೆಯ ಹೊತ್ತಿಗೆ ಆರೋಪಗಳು ಬಹಿರಂಗಗೊಂಡವು. ಮೇ 30ರಂದು ನಾಡಿನ ನಾನಾ ಭಾಗಗಳ ಮಹಿಳೆಯರೂ ಸಂಘಟನೆಗಳೂ ‘ಹಾಸನ ಚಲೋ’ ನಡೆಸಿದವು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ನಾಲ್ಕು ಪ್ರಕರಣಗಳ ಪೈಕಿ ಒಂದರಲ್ಲಿ ಅವರನ್ನು ಅಪರಾಧಿಯೆಂದು ತೀರ್ಮಾನಿಸಿ, ಮರುದಿನ ಜೀವನಪರ್ಯಂತ ಸೆರೆವಾಸ ವಿಧಿಸಿತು. ಆ ತೀರ್ಪನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ಶಿಕ್ಷೆಯ ಪ್ರಮಾಣ ಕುರಿತ ವಿಚಾರಣೆಯಲ್ಲಿ ಅವರು, ರಾಜಕೀಯದಲ್ಲಿ ಬೇಗ ಬೆಳೆದದ್ದೇ ತಾನು ಮಾಡಿದ ತಪ್ಪು ಎಂಬರ್ಥದ ಮಾತನ್ನಾಡಿದರೆಂದೂ ಸಂಸದನಾಗಿದ್ದಾಗ ಯಾರೂ ದೂರಲಿಲ್ಲವೇಕೆ ಎಂದು ಕೇಳಿದರೆಂದೂ ವರದಿಯಾಯಿತು. ದೂರು ನೀಡಿದಾಕೆ ಆ ಕುಟುಂಬದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು. ಅಧಿಕಾರದ ಮುಂದೆ ಆಳು ಏಕೆ ಮೌನವಾಗಿದ್ದಳೆಂಬ ಪ್ರಶ್ನೆಗೆ ಉತ್ತರ ಪ್ರಶ್ನೆಯಲ್ಲೇ ಇದೆ. ಆದರೂ ‘ಅಂದೇ ಏಕೆ ಹೇಳಲಿಲ್ಲ’ ಎನ್ನುವುದು ಊರಿನ ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ ಸುಲಭವಾಗಿ ಕೇಳಿಬರುವ ಮಾತು.

3

ನೆಪವು ಭಾಷೆಯಲ್ಲಿ ಹೇಗೆ ನೆಲೆಸಿದೆ ಎಂಬುದು ಕನ್ನಡ ಅಧ್ಯಯನಕ್ಕೆ ನೇರವಾಗಿ ಸೇರಿದ ಪ್ರಶ್ನೆ. ಕನ್ನಡದಲ್ಲಿ ‘ಮಾಡು’ ಮತ್ತು ‘ಆಗು’ ಎಂಬ ಎರಡು ಕ್ರಿಯಾಪದಗಳ ನಡುವೆ ನೈತಿಕತೆಯ ಒಂದು ಗಡಿರೇಖೆಯೇ ಇದೆ. ‘ತಪ್ಪು ಮಾಡಿದೆ’ ಎನ್ನುವಲ್ಲಿ ಕರ್ತೃ ಇದ್ದಾನೆ. ‘ತಪ್ಪಾಯಿತು’ ಎನ್ನುವಲ್ಲಿ ಅವನು ಮರೆಯಾಗಿದ್ದಾನೆ. ‘ಆಗಬಾರದ್ದು ಆಗಿಹೋಯಿತು’, ‘ಬುದ್ಧಿ ಕೆಟ್ಟಿತು’, ‘ವಯಸ್ಸಿನ ದೋಷ’, ‘ಗ್ರಹಚಾರ’, ‘ಕುಡಿದ ಮತ್ತಿನಲ್ಲಿ ನಡೆದುಹೋಯಿತು’ ಮೊದಲಾದ ಮಾತುಗಳಲ್ಲಿ ಬುದ್ಧಿಯೋ ವಯಸ್ಸೋ ಗ್ರಹವೋ ಮತ್ತೋ ಕೆಲಸ ಮಾಡುತ್ತವೆ; ಮನುಷ್ಯ ಸುಮ್ಮನೆ ಪಕ್ಕದಲ್ಲಿ ನಿಂತಿರುತ್ತಾನೆ. ಕನ್ನಡ ತೆಲುಗುಗಳೆರಡನ್ನೂ ಮನೆಮಾತಾಗಿ ಬಳಸುವ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಇದೇ ಮಾತು ‘ಜರಿಗಿಂದಿ’, ‘ಅಯಿಪೋಯಿಂದಿ’ ಎಂದು ತೆಲುಗಿಗೆ ಸಲೀಸಾಗಿ ದಾಟುತ್ತದೆ. ಭಾಷೆ ಬದಲಾದರೂ ಕರ್ತೃ ಮರಳುವುದಿಲ್ಲ.

ಇದಕ್ಕೆ ಪ್ರತಿಯಾಗಿ ಹೆಣ್ಣನ್ನು ಕುರಿತ ವಾಕ್ಯಗಳಲ್ಲಿ ಕರ್ತೃಸ್ಥಾನ ಅವಳಿಗೇ ಮೀಸಲು. ‘ಅತ್ಯಾಚಾರಕ್ಕೆ ಒಳಗಾದಳು’, ‘ಕೆಟ್ಟಳು’, ‘ಮಾನ ಕಳೆದುಕೊಂಡಳು’ ಎಂಬಲ್ಲೆಲ್ಲ ಕ್ರಿಯೆಯ ಭಾರ ಹೊತ್ತವಳು ಅವಳು. ಇವುಗಳಲ್ಲಿ ಕೊನೆಯದು ವಿಶೇಷವಾಗಿ ಗಮನಿಸಬೇಕಾದ ಪ್ರಯೋಗ. ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಕ್ರಿಯೆಯ ಫಲ ಕರ್ತೃವಿಗೇ ಮರಳುವುದನ್ನು ಸೂಚಿಸುತ್ತದೆ: ನೋಡಿಕೊಂಡಳು, ಉಟ್ಟುಕೊಂಡಳು, ಕೈ ಸುಟ್ಟುಕೊಂಡಳು. ಇದೇ ಸಾಲಿನಲ್ಲಿ ‘ಮಾನ ಕಳೆದುಕೊಂಡಳು’ ಎಂದು ಹೇಳಿದಾಗ, ಇನ್ನೊಬ್ಬನು ನಡೆಸಿದ ಹಿಂಸೆಯು ಅವಳ ಸ್ವಂತ ಅಜಾಗರೂಕತೆಯಿಂದಾದ ನಷ್ಟವಾಗಿ ಪರಿವರ್ತಿತವಾಗುತ್ತದೆ. ‘ಮಾನಭಂಗ’, ‘ಶೀಲಹರಣ’ ಎಂಬ ಪದಗಳೂ ಇಂಥವೇ. ಮಾನ, ಶೀಲಗಳು ಹೆಣ್ಣಿನ ದೇಹದಲ್ಲಿ ಇಟ್ಟ ಒಡವೆಗಳೆಂದೂ, ಕಳವಾದ ಮೇಲೆ ಮನೆಯವರೆಲ್ಲ ಬಡವರಾಗುತ್ತಾರೆಂದೂ ಈ ಪದಗಳು ಭಾವಿಸುತ್ತವೆ. ಗಂಡಿನ ಶೀಲ ಹರಣವಾಯಿತೆಂದು ಯಾವ ವರದಿಯೂ ಬರೆಯುವುದಿಲ್ಲ.

ಗಾದೆಗಳು ಈ ವ್ಯಾಕರಣವನ್ನು ವಿವೇಕದ ಮಟ್ಟಕ್ಕೇರಿಸುತ್ತವೆ. ಸೀರೆ ಮುಳ್ಳಿನ ಮೇಲೆ ಬಿದ್ದರೂ ಮುಳ್ಳು ಸೀರೆಯ ಮೇಲೆ ಬಿದ್ದರೂ ಹರಿಯುವುದು ಸೀರೆಯೇ ಎಂಬ ಗಾದೆಯನ್ನು ಬಹುಪಾಲು ತಾಯಂದಿರು ಹೇಳುವುದು ಮಗಳ ಮೇಲಿನ ಪ್ರೀತಿಯಿಂದ. ಅದರಲ್ಲಿ ಅನುಭವದ ಕಹಿ ಇದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಮುಳ್ಳಿಗೆ ಮನಸ್ಸಿಲ್ಲ, ಆಯ್ಕೆಯಿಲ್ಲ. ಅದು ಪ್ರಕೃತಿಯ ವಸ್ತು. ಗಂಡಸನ್ನು ಮುಳ್ಳಿಗೆ ಹೋಲಿಸಿದ ಕ್ಷಣದಲ್ಲಿ ಅವನನ್ನು ಹೊಣೆಗಾರಿಕೆಯಿಂದ ಬಿಡುಗಡೆ ಮಾಡಿದಂತಾಗುತ್ತದೆ. ಎರಡು ಕೈ ಸೇರಿದರೆ ತಾನೇ ಚಪ್ಪಾಳೆ ಎಂಬ ಮಾತು ಇನ್ನೂ ಮುಂದೆ ಹೋಗಿ ಬಲಾತ್ಕಾರವನ್ನೇ ಸಮ್ಮತಿಯಾಗಿಸಿಬಿಡುತ್ತದೆ. ಬೆಳಗಾವಿಯ ಸದನದಲ್ಲಿ ಕೇಳಿಬಂದ ಹೇಳಿಕೆ ಇದೇ ದಾರಿಯ ಕೊನೆಯ ನಿಲ್ದಾಣ.

4

ನೆಪದ ಈ ಪರಂಪರೆ ಹೊಸತಲ್ಲ. ನಮ್ಮ ಕಾವ್ಯಪರಂಪರೆ ಅದನ್ನು ಬಹಳ ಹಿಂದೆಯೇ ಗುರುತಿಸಿದೆ. ದ್ಯೂತಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆ ಧರ್ಮಸೂಕ್ಷ್ಮದ್ದಾಗಿತ್ತು. ಅದಕ್ಕೆ ಕರ್ಣ ಕೊಟ್ಟ ಉತ್ತರ ಅವಳ ಚಾರಿತ್ರ್ಯವನ್ನು ಕುರಿತದ್ದು: ಐವರು ಗಂಡಂದಿರುಳ್ಳವಳಿಗೆ ಮಾನವೆಲ್ಲಿಯದು ಎಂಬುದು ಅವನ ವಾದದ ತಿರುಳು. ಭಾರತೀಯ ಸಾಹಿತ್ಯದಲ್ಲಿ ‘ನಡತೆಗೆಟ್ಟವಳು’ ಎಂಬ ನೆಪ ಇಷ್ಟು ನಿಚ್ಚಳವಾಗಿ ಸಭೆಯ ಮುಂದೆ ಮಂಡಿತವಾದ ಸಂದರ್ಭ ಇನ್ನೊಂದಿರಲಾರದು. ವಿಕರ್ಣನೊಬ್ಬ ಅದನ್ನು ಒಪ್ಪಲಿಲ್ಲ, ಹಿರಿಯರು ಮೌನವಾಗಿದ್ದರು.

ಗಮಕಿಗಳು ಇಂದಿಗೂ ವಾಚಿಸುವ ವಿರಾಟಪರ್ವದ ಕೀಚಕಪ್ರಸಂಗ ಈ ದೃಷ್ಟಿಯಿಂದ ಇನ್ನೂ ಹೆಚ್ಚು ಬೆಳಕು ನೀಡುತ್ತದೆ. ಕೀಚಕ ರಾಣಿಯ ತಮ್ಮ, ರಾಜ್ಯದ ಸೇನಾಪತಿ. ಸೈರಂಧ್ರಿ ಅರಮನೆಯ ಆಳು. ತುಂಬಿದ ಸಭೆಯಲ್ಲಿ ಅವನು ಅವಳನ್ನು ಒದ್ದಾಗ ಅವಳು ನ್ಯಾಯ ಕೇಳುತ್ತಾಳೆ. ವ್ಯಾಸಭಾರತದ ವಿರಾಟ ಕೊಡುವ ಉತ್ತರ, ತನ್ನ ಕಣ್ಣ ಹಿಂದೆ ನಿಮ್ಮಿಬ್ಬರ ನಡುವೆ ಏನು ನಡೆಯಿತೋ ತನಗೆ ತಿಳಿಯದು ಎಂಬುದು. ಕಣ್ಣೆದುರಿಗೆ ಬಿದ್ದ ಒದೆಯನ್ನು ಬಿಟ್ಟು ಕಣ್ಣಿಗೆ ಕಾಣದ ‘ಕಾರಣ’ವನ್ನು ಅರಸಿದ ಈ ಅರಸ, ನೆಪಕ್ಕೆ ಸಿಂಹಾಸನವನ್ನು ಬಿಟ್ಟುಕೊಟ್ಟವನು. ಮುಂದೆ ಭೀಮನು ಇರುಳಿನ ನಾಟ್ಯಶಾಲೆಯಲ್ಲಿ ಕೀಚಕನನ್ನು ಕೊಲ್ಲುತ್ತಾನೆ. ಕೇಳುಗರಿಗೆ ಸಮಾಧಾನವಾಗುವುದು ಅಲ್ಲಿ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಕೀಚಕನ ಸಾವಿಗೆ ಇವಳೇ ಕಾರಣಳೆಂದು ಉಪಕೀಚಕರು ಸೈರಂಧ್ರಿಯನ್ನು ಅವನ ಶವದೊಂದಿಗೆ ಸುಡಲು ಹೊರಡುತ್ತಾರೆ. ಅವರೂ ಸತ್ತ ಮೇಲೆ ವಿರಾಟನು ರಾಣಿಯ ಮೂಲಕ, ಊರು ಬಿಟ್ಟು ಹೋಗುವಂತೆ ಅವಳಿಗೆ ಹೇಳಿಸುತ್ತಾನೆ. ಅಪರಾಧಿ ಸತ್ತಿದ್ದಾನೆ, ಅವನ ಬಳಗವೂ ಇಲ್ಲ. ಆದರೂ ಊರು ಬಿಡಬೇಕಾದವಳು ಅವಳು. ಭೀಮನ ಕೋಪ ಕೀಚಕನನ್ನು ಕೊಂದಿತೇ ಹೊರತು ವಿರಾಟನ ಉತ್ತರವನ್ನು ಕೊಲ್ಲಲಿಲ್ಲ.

ಮುಳಬಾಗಿಲು ತಾಲೂಕಿನ ಆವಣಿಬೆಟ್ಟ ಇದೇ ಸತ್ಯವನ್ನು ಇನ್ನೊಂದು ಕತೆಯಲ್ಲಿ ಹಿಡಿದಿಟ್ಟಿದೆ. ಸೀತೆ ಕಾಡುಪಾಲಾದ ಮೇಲೆ ವಾಲ್ಮೀಕಿಯ ಆಶ್ರಮದಲ್ಲಿ ಲವಕುಶರನ್ನು ಹೆತ್ತ ಸ್ಥಳ ಇದೇ ಎಂಬುದು ಸ್ಥಳೀಯರ ನಂಬಿಕೆ. ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ಹೊತ್ತೊಯ್ದವನು ರಾವಣ. ಅವನು ಯುದ್ಧದಲ್ಲಿ ಸತ್ತ. ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆದರೆ ಲೋಕಾಪವಾದ ಸಾಯಲಿಲ್ಲ. ರಾವಣನ ಕೃತ್ಯಕ್ಕೆ ಉತ್ತರ ಕೊಡಬೇಕಾದವಳು ಸೀತೆಯಾದಳು. ಬೆಟ್ಟ ಹತ್ತುವ ಹೆಣ್ಣುಮಕ್ಕಳು ಸೀತೆಯ ಪರವಾಗಿಯೇ ಹತ್ತುತ್ತಾರೆ. ಅಪವಾದ ಹೊರಿಸಿದವರಿಗೆ ಅಲ್ಲಿ ಗುಡಿಯಿಲ್ಲ.

5

ಪುರಾಣದಿಂದ ಇತ್ತೀಚಿನ ಇತಿಹಾಸಕ್ಕೆ ಬಂದರೆ, ಈ ಜಿಲ್ಲೆ ಎರಡು ಬಗೆಯ ಆಕ್ರೋಶಗಳನ್ನು ಕಂಡಿದೆ. ಎರಡೂ ಮಾಲೂರು ತಾಲೂಕಿಗೇ ಸೇರಿದವು. 1980ರ ಆಸುಪಾಸಿನಲ್ಲಿ ಹುಣಸಿಕೋಟೆಯಲ್ಲಿ ದಲಿತ ವ್ಯಕ್ತಿಯ ಕೊಲೆ ಹಾಗೂ ದಲಿತ ಹೆಣ್ಣುಮಗಳ ಮೇಲೆ ಅತ್ಯಾಚಾರ ನಡೆದಾಗ ದಲಿತ ಸಂಘರ್ಷ ಸಮಿತಿ ಅದನ್ನು ರಾಜ್ಯದ ಪ್ರಶ್ನೆಯಾಗಿ ಎತ್ತಿಕೊಂಡಿತು. ಆ ಹೋರಾಟ ಆ ಸಂಘಟನೆಯ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಅದರ ಮಹತ್ವ ಕೇವಲ ಶಿಕ್ಷೆಯ ಬೇಡಿಕೆಯಲ್ಲಿರಲಿಲ್ಲ. ಒಬ್ಬ ದುಷ್ಟನ ಕೃತ್ಯವೆಂದು ಕಾಣುವುದರ ಹಿಂದೆ ಜಾತಿಯ ಯಜಮಾನಿಕೆ ಇದೆಯೆಂಬುದನ್ನು ಅದು ಹೆಸರಿಟ್ಟು ಹೇಳಿತು. ಕೇರಿಯ ಹೆಣ್ಣಿನ ದೇಹದ ಮೇಲೆ ಊರಿಗೆ ಹಕ್ಕಿದೆ ಎಂಬ ಮೌನಸಮ್ಮತಿಯೇ ಅಲ್ಲಿನ ಅಸಲು ನೆಪ. ಆ ಆಕ್ರೋಶ ನೆಪದ ಬುಡಕ್ಕೇ ಕೈಹಾಕಿತ್ತು.

2018ರ ಆಗಸ್ಟ್‌ನಲ್ಲಿ ಮಾಲೂರು ಪಟ್ಟಣದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಹತ್ತನೆಯ ತರಗತಿಯ ಬಾಲಕಿಯ ಹತ್ಯೆಯಾಯಿತು. ಊರು ಬೀದಿಗಿಳಿಯಿತು, ವಿದ್ಯಾರ್ಥಿಗಳು ತರಗತಿ ಬಿಟ್ಟು ಬಂದರು. ಕೋಲಾರದ ನ್ಯಾಯಾಲಯ ಅಪರೂಪದ ವೇಗದಲ್ಲಿ ವಿಚಾರಣೆ ನಡೆಸಿ, ಘಟನೆ ನಡೆದ ಸುಮಾರು ಒಂದೂವರೆ ತಿಂಗಳಲ್ಲಿ, ಸೆಪ್ಟೆಂಬರ್ ಮಧ್ಯದಲ್ಲಿ ಮರಣದಂಡನೆ ವಿಧಿಸಿತು. ಜನರ ಕೋಪಕ್ಕೆ ನ್ಯಾಯಾಂಗ ಇಷ್ಟು ತ್ವರಿತವಾಗಿ ಸ್ಪಂದಿಸಿದ ನಿದರ್ಶನಗಳು ವಿರಳ. ಆ ಕೋಪ ನ್ಯಾಯವಾದದ್ದೇ. ಹಗಲಿನಲ್ಲಿ, ಸಮವಸ್ತ್ರದಲ್ಲಿ, ಶಾಲೆಯ ದಾರಿಯಲ್ಲಿದ್ದ ಬಾಲಕಿಯ ವಿಷಯದಲ್ಲಿ ಯಾವ ನೆಪವೂ ನಿಲ್ಲುವಂತಿರಲಿಲ್ಲ. ಪ್ರಶ್ನೆ ಏಳುವುದು ಇಲ್ಲಿಯೇ: ನೆಪ ಸಿಗದಿದ್ದಾಗ ಉಕ್ಕುವ ಕೋಪ, ನೆಪ ಸಿಕ್ಕಾಗ ಎಲ್ಲಿ ಅಡಗುತ್ತದೆ? ಸತ್ತವಳು ಶಾಲಾಬಾಲಕಿಯಾಗಿರದೆ, ರಾತ್ರಿ ಪಾಳಿ ಮುಗಿಸಿ ಬಂದ ಕಾರ್ಮಿಕಳೋ ಗಂಡನನ್ನು ಬಿಟ್ಟವಳೋ ಆರೋಪಿಯನ್ನು ಒಮ್ಮೆ ಪ್ರೀತಿಸಿದವಳೋ ಆಗಿದ್ದರೆ ಅಂಗಡಿಗಳು ಬಾಗಿಲು ಮುಚ್ಚುತ್ತಿದ್ದವೇ? ದೋಷರಹಿತ ಬಲಿಪಶುವಿಗಾಗಿ ಮಾತ್ರ ಎದ್ದುನಿಲ್ಲುವ ಆಕ್ರೋಶವು ಉಳಿದವರ ವಿಷಯದಲ್ಲಿ ನೆಪವನ್ನು ಒಪ್ಪಿಕೊಂಡಂತೆಯೇ.

‘ಹೊತ್ತು’ ಎಂಬ ನೆಪವನ್ನೇ ಈ ಸೀಮೆಯ ದುಡಿಮೆಯ ಎದುರಿಗಿಟ್ಟು ನೋಡಬಹುದು. ಕೋಲಾರದ ಟೊಮೆಟೊ ಮಾರುಕಟ್ಟೆಗೆ ಹೋಗುವ ಹಣ್ಣನ್ನು ಬಿಡಿಸುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವು. ಬೆಳಕು ಹರಿಯುವ ಹೊತ್ತಿಗೆ ಅವರು ಹೊಲದಲ್ಲಿರುತ್ತಾರೆ. ಹಾಲಿನ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲು ನಿಲ್ಲುವುದು ಮುಂಜಾವದಲ್ಲಿ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದಕ್ಕೆ ನಡುರಾತ್ರಿಯೆಂಬ ಭೇದವಿಲ್ಲ. ನರಸಾಪುರ, ವೇಮಗಲ್, ಮಾಲೂರುಗಳ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಿಗೆ ಪಾಳಿಯ ಬಸ್ಸುಗಳಲ್ಲಿ ಸಾವಿರಾರು ಯುವತಿಯರು ಹೋಗಿಬರುತ್ತಾರೆ. ಬಂಗಾರಪೇಟೆ, ಮಾಲೂರುಗಳ ನಿಲ್ದಾಣಗಳಿಂದ ಕತ್ತಲಿರುವಾಗಲೇ ಬೆಂಗಳೂರಿನ ರೈಲು ಹತ್ತುವವರಿದ್ದಾರೆ. ಅವರ ಸಂಬಳ ಮನೆಗೆ ಬೇಕು, ಜಿಲ್ಲೆಗೆ ಬೇಕು, ರಾಜ್ಯದ ರಫ್ತಿನ ಲೆಕ್ಕಕ್ಕೂ ಬೇಕು. ದುಡಿಮೆಗೆ ಹೊತ್ತಿಲ್ಲವೆಂದ ಸಮಾಜ ಹಿಂಸೆ ನಡೆದಾಗ ಮಾತ್ರ ಗಡಿಯಾರ ನೋಡುತ್ತದೆ.

‘ಹೊತ್ತು’, ‘ಜಾಗ’ಗಳ ನೆಪಕ್ಕೆ ಇನ್ನೊಂದು ಉತ್ತರ ಸರ್ಕಾರದ ಅಂಕಿಅಂಶಗಳಲ್ಲೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳ ಪ್ರಕಾರ, ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ: ಬಂಧು, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವ. ನಿರ್ಜನ ಸ್ಥಳ, ಅಪರಿಚಿತ ಗಂಡಸು, ಅಕಾಲ ಎಂಬ ಚಿತ್ರ ಬಹುಪಾಲು ಪ್ರಕರಣಗಳಿಗೆ ಹೊಂದುವುದಿಲ್ಲ. ಗಲ್ಲಿನ ಕೂಗು ಅಪರಿಚಿತನ ವಿರುದ್ಧ ಸುಲಭವಾಗಿ ಏಳುತ್ತದೆ. ಆರೋಪಿ ಚಿಕ್ಕಪ್ಪನೋ ಮೇಷ್ಟರೋ ಆದಾಗ ಅದೇ ಊರು ರಾಜಿಯ ಮಾತಾಡುತ್ತದೆ, ಕೆಲವೊಮ್ಮೆ ಮದುವೆಯ ಮಾತನ್ನೂ.

6

ನೆಪವನ್ನೇ ಗುರಿಯಾಗಿಸಿದ ಆಕ್ರೋಶ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ಕಾನೂನಿನ ಚರಿತ್ರೆಯಲ್ಲಿ ಸ್ಪಷ್ಟ ಆಧಾರಗಳಿವೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಬಾಲಕಿಯ ಮೇಲೆ ಅತ್ಯಾಚಾರ ನಡೆದ, ‘ಮಥುರಾ ಪ್ರಕರಣ’ವೆಂದೇ ಹೆಸರಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಪೊಲೀಸರನ್ನು ಖುಲಾಸೆಗೊಳಿಸಿತು. ಮೈಮೇಲೆ ಗಾಯಗಳಿಲ್ಲ, ಪ್ರತಿರೋಧದ ಗುರುತಿಲ್ಲ ಎಂಬುದು ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್ ಮತ್ತು ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಬರೆದ ಬಹಿರಂಗ ಪತ್ರ ಆ ಇಬ್ಬರು ಪೊಲೀಸರಿಗಿಂತ ಹೆಚ್ಚಾಗಿ ಆ ತರ್ಕವನ್ನು ಪ್ರಶ್ನಿಸಿತು: ಶರಣಾಗತಿ ಬೇರೆ, ಸಮ್ಮತಿ ಬೇರೆ. ಅದರಿಂದ ಹಬ್ಬಿದ ಚಳವಳಿಯ ಫಲವೇ 1983ರ ತಿದ್ದುಪಡಿ. ಆ ಇಬ್ಬರು ಪೊಲೀಸರು ಮತ್ತೆ ಶಿಕ್ಷೆಗೊಳಗಾಗಲಿಲ್ಲ. ಆದರೆ ಬಂಧನದಲ್ಲಿರುವ ಹೆಣ್ಣಿನ ವಿಷಯದಲ್ಲಿ ಸಮ್ಮತಿಯ ಭಾವನೆಯನ್ನು ಕಾನೂನು ತಿರುಗಿಸಿತು.

2002ರ ತಿದ್ದುಪಡಿ ಸಾಕ್ಷ್ಯ ಅಧಿನಿಯಮದಿಂದ, ದೂರುದಾರಳ ‘ಅನೈತಿಕ ನಡತೆ’ಯನ್ನು ಆಕೆಯ ವಿಶ್ವಾಸಾರ್ಹತೆಯ ವಿರುದ್ಧ ಬಳಸಲು ಇದ್ದ ಅವಕಾಶವನ್ನು ಕಿತ್ತುಹಾಕಿತು. ಕರ್ಣನ ವಾದ ಕಾನೂನಿನ ಪುಸ್ತಕದಿಂದ ಹೊರಬೀಳಲು ಅಷ್ಟು ಕಾಲ ಬೇಕಾಯಿತು. 2013ರಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ನಂತರ, ದೈಹಿಕವಾಗಿ ಪ್ರತಿರೋಧಿಸದಿರುವುದೇ ಸಮ್ಮತಿಯಲ್ಲವೆಂಬ ಮಾತು ಕಾನೂನಿನಲ್ಲಿ ಬರಹವಾಯಿತು. ಆ ಸಮಿತಿ ದೇಶದ ಆಕ್ರೋಶದ ಉತ್ತುಂಗದಲ್ಲೂ ಮರಣದಂಡನೆಯನ್ನು ಶಿಫಾರಸು ಮಾಡಲಿಲ್ಲ ಎಂಬುದು ಗಮನಾರ್ಹ. 2015ರಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳಲ್ಲಿ ರಾಜಿಗೆ ಎಡೆಯಿಲ್ಲವೆಂದಿತು. 2021ರ ಮಾರ್ಚ್‌ನಲ್ಲಿ, ಆರೋಪಿಯು ದೂರುದಾರಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಜಾಮೀನು ಷರತ್ತನ್ನು ರದ್ದುಗೊಳಿಸಿ, ಹೆಣ್ಣಿನ ಉಡುಪು, ನಡತೆಗಳನ್ನು ಕುರಿತ ಮಾತುಗಳನ್ನು ಆದೇಶಗಳಲ್ಲಿ ಬರೆಯದಂತೆ ಕೆಳಗಿನ ನ್ಯಾಯಾಲಯಗಳಿಗೆ ಸೂಚಿಸಿತು. 2023ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ಇಂಥ ಪೂರ್ವಗ್ರಹದ ಪದಗಳನ್ನು ಪಟ್ಟಿಮಾಡಿದ ಕೈಪಿಡಿಯನ್ನೇ ಹೊರತಂದಿತು. ಇವೆಲ್ಲ ಒಂದೊಂದು ನೆಪವನ್ನು ಹೆಸರಿಡಿದು ಹೊರಹಾಕಿದ ಕ್ರಮಗಳು.

ಈ ಕೆಲಸ ಮುಗಿದಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಗಂಡನೆಂಬ ವಿನಾಯಿತಿ ಉಳಿದುಕೊಂಡಿದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಹೆಂಡತಿಯ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿ ಈ ವಿನಾಯಿತಿಯನ್ನು ತೀಕ್ಷ್ಣವಾಗಿ ಪ್ರಶ್ನಿಸಿತು. ಆ ಪ್ರಶ್ನೆ ಸುಪ್ರೀಂ ಕೋರ್ಟಿನ ಅಂಗಳವನ್ನು ಸೇರಿದೆ. ‘ಅವಳು ನನ್ನ ಹೆಂಡತಿ’ ಎಂಬುದು ಕಾನೂನು ಇನ್ನೂ ಒಪ್ಪುವ ನೆಪವೆಂಬುದನ್ನು ಮರೆಯುವಂತಿಲ್ಲ.

7

ಒಟ್ಟಾರೆಯಾಗಿ, ಸಾರ್ವಜನಿಕ ಆಕ್ರೋಶವನ್ನು ಕ್ಷಣಿಕ ಭಾವೋದ್ವೇಗವೆಂದು ತಳ್ಳಿಹಾಕುವುದು ತಪ್ಪು. ಆಕ್ರೋಶವಿಲ್ಲದಿದ್ದರೆ ಹುಣಸಿಕೋಟೆಯೂ ಮಾಲೂರೂ ಠಾಣೆಯ ಕಡತಗಳಾಗಿ ಉಳಿಯುತ್ತಿದ್ದವು. ಪ್ರಶ್ನೆ ಇರುವುದು ಅದರ ಗುರಿಯನ್ನು ಕುರಿತು. ಅಪರಾಧಿಯೊಬ್ಬನಿಗೆ ಶಿಕ್ಷೆಯಾಗುವುದು ನ್ಯಾಯಾಲಯದ ಕೆಲಸ. ಅಲ್ಲಿ ಪ್ರತಿವಾದಕ್ಕೆ ಸ್ಥಳವಿರಲೇಬೇಕು. ನೆಪಕ್ಕೆ ಸ್ಥಳವಿಲ್ಲದಂತೆ ಮಾಡುವುದು ಮಾತ್ರ ಯಾವ ನ್ಯಾಯಾಲಯವೂ ಒಂಟಿಯಾಗಿ ಮಾಡಲಾಗದ ಕೆಲಸ. ಅದು ಪತ್ರಿಕೆಯ ಶೀರ್ಷಿಕೆಯಲ್ಲಿ, ಸದನದ ನಗೆಯಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ, ತಾಯಿ ಮಗಳಿಗೆ ಹೇಳುವ ಗಾದೆಯಲ್ಲಿ ನಡೆಯಬೇಕಾದದ್ದು.

ಕನ್ನಡ ವಿಭಾಗಗಳಿಗೂ ಇದರಲ್ಲಿ ಪಾಲಿದೆ. ಪತ್ರಿಕೋದ್ಯಮಕ್ಕೂ ಆಡಳಿತಕ್ಕೂ ನ್ಯಾಯಾಲಯಗಳ ಅನುವಾದಕ್ಕೂ ಪದಗಳನ್ನು ಒದಗಿಸುವವರು ಇಲ್ಲಿಂದ ಹೊರಡುವ ವಿದ್ಯಾರ್ಥಿಗಳೇ. ‘ಮಾನಭಂಗ’ವನ್ನು ಕೈಬಿಡುವುದು, ‘ಕಳೆದುಕೊಂಡಳು’ ಎಂಬುದನ್ನು ಪ್ರಶ್ನಿಸುವುದು, ‘ಒಳಗಾದಳು’ ಎಂದು ಬರೆಯುವಲ್ಲಿ ‘ಎಸಗಿದ ಆರೋಪ ಅವನ ಮೇಲಿದೆ’ ಎಂದು ಬರೆಯುವುದು ಸಣ್ಣ ಕೆಲಸಗಳಂತೆ ಕಾಣಬಹುದು. ಇವು ಆರೋಪಿಯನ್ನು ವಿಚಾರಣೆಗೆ ಮೊದಲೇ ಅಪರಾಧಿಯಾಗಿಸುವುದಿಲ್ಲ. ವಾಕ್ಯದಲ್ಲಿ ಅವನಿಗೆ ಸಲ್ಲಬೇಕಾದ ಸ್ಥಾನವನ್ನು ಕೊಡುತ್ತವೆ ಅಷ್ಟೆ. 

ಆವಣಿಬೆಟ್ಟವಿರುವ ತಾಲೂಕಿನಲ್ಲೋ, ಮಾಲೂರಿನ ರೈಲು ನಿಲ್ದಾಣದಲ್ಲೋ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲೋ ಮುಂದಿನ ಸಲ ಇಂಥದೊಂದು ಸುದ್ದಿ ಹಬ್ಬಿದಾಗ ಗುಂಪಿನಲ್ಲಿ ಯಾರೋ ಒಬ್ಬರು ‘ಅಷ್ಟು ಹೊತ್ತಿನಲ್ಲಿ ಅವಳಿಗೇನು ಕೆಲಸವಿತ್ತು’ ಎಂದು ಕೇಳುತ್ತಾರೆ. ಆಗ ಪಕ್ಕದಲ್ಲಿ ನಿಂತವರು ‘ಅವನಿಗೇನು ಕೆಲಸವಿತ್ತು’ ಎಂದು ತಿರುಗಿ ಕೇಳುವುದು ರೂಢಿಯಾದ ದಿನ, ಆಕ್ರೋಶ ತನ್ನ ಗುರಿಯನ್ನು ಮುಟ್ಟಿದೆ ಎನ್ನಬಹುದು.